ವಿಭೂತಿ ಹಚ್ಚಿಕೊಂಡ ಲ್ಯಾಪ್‌ಟಾಪು

ಮಾನ್ಯ ಓದುಗರಲ್ಲಿ ಗೌರವಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಮ್ಮ ಮನೆಯ ಹಳೆಯ ಲ್ಯಾಪ್‌ಟಾಪು ಈಗ ಕ್ಷೇಮವಾಗಿದೆ. ಈ ಸಂಗತಿಯನ್ನು ಮೊದಲಿಗೇ ತಿಳಿಸಿಬಿಡುವುದು ಒಳ್ಳೆಯದೆಂದು ನನಗೆ ತೋರಿತು. ಕೆಟ್ಟ ಸುದ್ದಿ ಇರಬಹುದೆಂಬ ಶಂಕೆಯನ್ನು ಕೊನೆಯ ಸಾಲಿನವರೆಗೆ ಹೊತ್ತುಕೊಂಡು ಓದುವ ಕಷ್ಟ ಎಂಥದೆಂದು ಟಪಾಲು ಶಾಖೆಯಲ್ಲಿ ಕೆಲಸ ಮಾಡುವ ನನಗೆ ಚೆನ್ನಾಗಿ ಗೊತ್ತು. ದಾವಣಗೆರೆಯ ಒಂದು ಕಚೇರಿಯಲ್ಲಿ ಬಂದ ಪತ್ರಗಳನ್ನು ದಾಖಲಿಸುವುದು, ಹೋಗುವ ಪತ್ರಗಳನ್ನು ಸಿದ್ಧಪಡಿಸುವುದು ನನ್ನ ಉದ್ಯೋಗ. ಇದುವರೆಗೆ ನಾನು ಬರೆದಿರುವುದೆಲ್ಲ ಮತ್ತೊಬ್ಬರ ಸಹಿಗಾಗಿ. ನನ್ನದೇ ಹೆಸರಿನಲ್ಲಿ, ಯಾರ ಆದೇಶವೂ ಇಲ್ಲದೆ ಬರೆಯುತ್ತಿರುವುದು ಇದೇ ಮೊದಲು. ಕಚೇರಿಯ ಭಾಷೆ ಇನ್ನೂ ನನ್ನನ್ನು ಬಿಟ್ಟಿಲ್ಲ. ಎಲ್ಲಿಯಾದರೂ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂಬ ಮಾತು ಕಾಲಿಗೆ ತೊಡರಿದರೆ ದಯಮಾಡಿ ದಾಟಿಕೊಂಡು ಮುಂದೆ ಬರಬೇಕಾಗಿ ವಿನಂತಿ.

ಇಷ್ಟು ಬರೆಯಲು ಕಾರಣವಾದದ್ದು ಒಂದು ಸ್ಕ್ರೂ. ಮೊನ್ನೆ ದೇವರ ಜಗಲಿ ಒರೆಸುವಾಗ ಅತ್ತೆಯವರ ವಿಭೂತಿ ಬಟ್ಟಲನ್ನು ಎತ್ತಿ ಬೋರಲು ಮಾಡಿದೆ. ವಿಭೂತಿ ಗಟ್ಟಿಯ ಜೊತೆಗೆ ಸಾಸಿವೆಗಿಂತ ತುಸು ದೊಡ್ಡದಾದ ಒಂದು ವಸ್ತು, ಮೈಯೆಲ್ಲ ಬೂದಿ ಬಳಿದುಕೊಂಡು ಉರುಳಿ ಬಂತು. ನೋಡಿದ ಕೂಡಲೇ ಗುರುತು ಹತ್ತಿತು. ಹಿಂದೊಮ್ಮೆ ನಮ್ಮ ಮನೆಯವರು ಮಿಕ್ಸರ್ ಬಿಚ್ಚುವ ಸ್ಕ್ರೂಡ್ರೈವರ್ ಹಿಡಿದು ಲ್ಯಾಪ್‌ಟಾಪನ್ನು ತಾವೇ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿದ್ದರು. ಎಲ್ಲ ಮುಗಿದ ಮೇಲೆ ಒಂದು ಸ್ಕ್ರೂ ಚಾಪೆಯ ಮೇಲೆ ಉಳಿಯಿತು. ಅವರು ಸ್ವಲ್ಪವೂ ಅಳುಕದೆ, “ಇದು ಕಂಪನಿಯವರು ಜಾಸ್ತಿ ಹಾಕಿದ್ದು, ಇರ್ಲಿ ಬಿಡು” ಎಂದು ತೀರ್ಪು ಕೊಟ್ಟರು. ಅವರದು ಬೀಜ-ಗೊಬ್ಬರದ ಅಂಗಡಿ. ಮುಖದಲ್ಲಿ ಅನುಮಾನ ತೋರಿದರೆ ಗಿರಾಕಿ ಎದ್ದುಹೋಗುತ್ತಾನೆ ಎಂಬುದು ಅವರ ಅನುಭವ. ಕಳೆದುಹೋದೀತೆಂದು ಅತ್ತೆಯವರು ಅದನ್ನು ತಮ್ಮ ಬಟ್ಟಲಿಗೆ ಹಾಕಿ ಕಾಪಾಡಿದ್ದರೆಂದು ಕಾಣುತ್ತದೆ.

ವಸ್ತುಗಳನ್ನು ಹೀಗೆ ಕಾಪಾಡುವ ಅಭ್ಯಾಸ ನನಗೂ ಹೊಸದಲ್ಲ. ನನ್ನ ತವರು ಹರಿಹರ ತಾಲ್ಲೂಕಿನ ಕೊಕ್ಕನೂರು. ಅಲ್ಲಿ ನಮ್ಮ ಮನೆಯಲ್ಲಿ ಯಾವ ವಸ್ತುವೂ ಒಂದೇ ಸಲಕ್ಕೆ ಸಾಯುತ್ತಿರಲಿಲ್ಲ. ರೇಡಿಯೋದ ದನಿ ಕುಗ್ಗಿದರೆ ಅಪ್ಪ ಸೆಲ್ಲುಗಳನ್ನು ಹೊರತೆಗೆದು ಮಾಳಿಗೆಯ ಮೇಲೆ ಬಿಸಿಲಿಗೆ ಇಡುತ್ತಿದ್ದರು. ಒಂದು ಕಡೆ ಅಮ್ಮನ ಸಂಡಿಗೆ, ಪಕ್ಕದಲ್ಲಿ ಅಪ್ಪನ ಸೆಲ್ಲು. ಕಾಗೆ ಕಾಯುವ ಕೆಲಸ ನನ್ನದು. ಕಾಗೆಗೆ ಸೆಲ್ಲಿನ ಅಗತ್ಯವಿಲ್ಲವೆಂಬುದು ತಿಳಿದಿದ್ದರೂ ಎರಡನ್ನೂ ಸಮಾನ ನಿಷ್ಠೆಯಿಂದ ಕಾಯುತ್ತಿದ್ದೆ. ಬಿಸಿಲು ಕುಡಿದ ಸೆಲ್ಲು ಸಂಜೆ ವಾರ್ತೆ ಮುಗಿಯುವವರೆಗೆ ಗಟ್ಟಿಯಾಗಿ ನಡೆದು, ಹಾಡು ಶುರುವಾಗುವ ಹೊತ್ತಿಗೆ ಸರಿಯಾಗಿ ಸೋಲುತ್ತಿತ್ತು. ಈ ಕಾರಣದಿಂದ ನನ್ನ ಬಾಲ್ಯದಲ್ಲಿ ವಾರ್ತೆ ಹೆಚ್ಚು, ಹಾಡು ಕಡಿಮೆ. ಟಪಾಲು ಶಾಖೆಗೆ ತಕ್ಕ ಸ್ವಭಾವ ನನಗೆ ಅಲ್ಲಿಂದಲೇ ಬಂದಿರಬೇಕು.

ಅಜ್ಜಿ ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುತ್ತಿದ್ದಳು. ಹೊದ್ದು ಮಲಗಿದರೆ ಹೊಟ್ಟೆಯ ಮೇಲೆ ಅಮ್ಮನ ಸೀರೆ, ಕಾಲಿನ ಮೇಲೆ ಸೋದರತ್ತೆಯ ಸೀರೆ, ಅಂಚಿನಲ್ಲಿ ನನ್ನದೇ ಲಂಗ. ಹರಿದ ಚೌಕವನ್ನು ತೆಗೆದು ಬೇರೊಂದು ಚೌಕ ಇಟ್ಟರೂ ಅದು ಅದೇ ಕೌದಿ. ಈಗ ವಿಚಾರ ಮಾಡಿದರೆ ನಮ್ಮ ಲ್ಯಾಪ್‌ಟಾಪೂ ಅಂಥದೊಂದು ಕೌದಿ. ಮುಚ್ಚಳ ಕಂಪನಿಯದು, ಕೀಲಿಗಳ ಮಣೆ ಬೇರೆ ಯಾವುದೋ ಸತ್ತ ಲ್ಯಾಪ್‌ಟಾಪಿನದು, ಚಾರ್ಜರು ಮೂರನೆಯ ಕಡೆಯದು. ಬ್ಯಾಟರಿ ಉಬ್ಬಿದ್ದರಿಂದ ತೆಗೆದುಹಾಕಿದ್ದೇವೆ. ಆದ್ದರಿಂದ ಅದು ಗೋಡೆಯ ಪ್ಲಗ್ಗಿಗೆ ಕಟ್ಟಿದ ಹಸುವಿನಂತೆ ಒಂದೇ ಜಾಗದಲ್ಲಿ ಇರುತ್ತದೆ.

ಕೀಲಿಮಣೆ ಬದಲಾದದ್ದಕ್ಕೆ ಸಂಪೂರ್ಣ ಕಾರಣ ಮಂಡಕ್ಕಿ. ದಾವಣಗೆರೆಯಲ್ಲಿ ಸಂಜೆಯಾದ ಮೇಲೆ ಮಂಡಕ್ಕಿ, ಮಿರ್ಚಿ ಇಲ್ಲದೆ ಯಾವ ಕೆಲಸವೂ ಮುಂದುವರಿಯುವುದಿಲ್ಲವೆಂಬುದು ತಮಗೆ ತಿಳಿದ ವಿಷಯ. ಅಂಗಡಿಯ ಕೆಲಸಕ್ಕೆಂದು ಇದನ್ನು ತಂದ ಹೊಸದರಲ್ಲಿ ನಮ್ಮ ಮನೆಯವರು ಎಡಗೈಯಲ್ಲಿ ಮಂಡಕ್ಕಿ, ಬಲಗೈಯಲ್ಲಿ ಟೈಪು ಎಂಬ ವ್ಯವಸ್ಥೆ ಮಾಡಿಕೊಂಡಿದ್ದರು. ಒಂದೊಂದಾಗಿ ಕಾಳು ಕೀಲಿಗಳ ಕೆಳಗೆ ಇಳಿದು, ಎಣ್ಣೆಯ ಪಸೆಗೆ ಅಲ್ಲೇ ಅಂಟಿ, ಕೊನೆಗೆ ‘ರ’ ಅಕ್ಷರ ಮೂಡುವುದೇ ನಿಂತುಹೋಯಿತು. ಕೆಲವು ದಿನ ಅವರ ಅಂಗಡಿಯಿಂದ ಹೊರಟ ಪತ್ರಗಳಲ್ಲಿ ಗೊಬ್ಬರವೆಂಬುದು ಬರೀ ಗೊಬ್ಬವಾಗಿತ್ತು. ಅಂಗಡಿಗೆ ಹೊಸ ಕಂಪ್ಯೂಟರ್ ಬಂದ ಮೇಲೆ ಈ ಲ್ಯಾಪ್‌ಟಾಪು ಆವರಗೆರೆಯ ನಮ್ಮ ಮನೆಗೆ ವರ್ಗವಾಗಿ ಬಂದು ಮೂಲೆ ಸೇರಿತು.

ಮೂಲೆಯಿಂದ ಅದನ್ನು ಮತ್ತೆ ಸೇವೆಗೆ ಕರೆದವರು ನಮ್ಮ ಅತ್ತೆಯವರು. ಅವರು ಹದಡಿಯವರು. ಶಾಲೆ ಕಂಡದ್ದು ಕಡಿಮೆಯಾದರೂ ಪತ್ರಿಕೆಯನ್ನು ತಲೆಬರಹದಿಂದ ತುದಿಯವರೆಗೆ ಓದುವ ಹಟದವರು. ಕೆಲವು ವರ್ಷಗಳ ಹಿಂದೆ ಅವರ ಕಣ್ಣಿನ ಒಳಪದರಕ್ಕೆ ತೊಂದರೆಯಾಗಿ, ಕನ್ನಡಕದಿಂದ ಪ್ರಯೋಜನವಿಲ್ಲವೆಂದೂ ದಪ್ಪ ಅಕ್ಷರವಾದರೆ ಮಾತ್ರ ಓದಬಹುದೆಂದೂ ವೈದ್ಯರು ತಿಳಿಸಿದರು. ಅಂದಿನಿಂದ ನಮ್ಮ ಮನೆಯವರು ಬೆಳಿಗ್ಗೆ ತಾಯಿಯ ಮುಂದೆ ಕುಳಿತು ಪತ್ರಿಕೆ ಓದಿ ಹೇಳುವುದು ರೂಢಿಯಾಯಿತು. ಮಳೆ, ಮೆಕ್ಕೆಜೋಳದ ಧಾರಣೆ, ರಾಜಕೀಯ ಎಲ್ಲವನ್ನೂ ಓದುತ್ತಿದ್ದರು. ನಿಧನವಾರ್ತೆಯ ಪುಟ ಬಂದಾಗ ಮಾತ್ರ ಮಗುಚಿಬಿಡುತ್ತಿದ್ದರು. ತಾಯಿಯ ಮನಸ್ಸಿಗೆ ಬೇಸರವಾಗದಿರಲಿ ಎಂಬುದೇ ಅವರ ಉದ್ದೇಶ.

ಒಂದು ದಿನ ಹದಡಿಯಿಂದ ಬಂದ ನೆಂಟರೊಬ್ಬರು ಮಾತಿನ ಮಧ್ಯೆ, “ಗೌರಕ್ಕನ ಶಿವಗಣಾರಾಧನೆಗೆ ನೀವ್ ಬರ್ತೀರಿ ಅನ್ಕೊಂಡಿದ್ವಿ” ಎಂದರು. ಗೌರಕ್ಕ ಅತ್ತೆಯವರ ಜೊತೆಯಲ್ಲಿ ಬಾವಿಗೆ ಹೋದವರು, ಒಂದೇ ವರ್ಷ ಮದುವೆಯಾದವರು. ತೀರಿಕೊಂಡ ಸುದ್ದಿಯೂ, ಆರಾಧನೆಯ ದಿನವೂ ಪತ್ರಿಕೆಯಲ್ಲಿ ಬಂದಿತ್ತು. ಮಗ ಪುಟ ಮಗುಚಿದ್ದರು. ನೆಂಟರು ಹೋದ ಮೇಲೆ ಅತ್ತೆಯವರು ಅಳಲಿಲ್ಲ, ಬೈಯಲೂ ಇಲ್ಲ. “ನೀ ಓದಿದ್ರೆ ನಿನಗೆ ಬೇಕಾದ್ದು ಓದ್ತೀಯಪ್ಪ. ನನಗೆ ಬೇಕಾದ್ದು ನಾನೇ ಓದ್ಕೋಬೇಕು” ಎಂದು ಮಾತ್ರ ಹೇಳಿದರು. ಮಾರನೆಯ ದಿನದಿಂದ ಯಾರ ಬಾಯಿಂದಲೂ ಪತ್ರಿಕೆ ಕೇಳಲು ಒಪ್ಪಲಿಲ್ಲ.

ಮೊಬೈಲು ಕೊಟ್ಟು ನೋಡಿದೆವು. ಬೆರಳು ತಾಕಿದಲ್ಲೆಲ್ಲ ಪುಟ ಓಡಿಹೋಗುತ್ತಿತ್ತು. “ಮುಟ್ಟಿದ್ರೆ ಮುನಿ ಗಿಡ ಇದ್ದಂಗೈತೆ, ಬ್ಯಾಡ ತೆಗಿ” ಎಂದು ಹಿಂದಿರುಗಿಸಿದರು. ಆಗ ನನಗೆ ಮೂಲೆಯ ಲ್ಯಾಪ್‌ಟಾಪು ನೆನಪಾಯಿತು. ಅದರ ಕೀಲಿಗಳು ಹಳೆಯ ಕಾಲದವು, ಉಬ್ಬಾಗಿ ಬೆರಳಿಗೆ ಸಿಗುತ್ತವೆ. ಶುರು ಮಾಡಿದರೆ ನಮ್ಮೂರಿನ ಪತ್ರಿಕೆ ತಾನಾಗಿಯೇ ದಪ್ಪ ಅಕ್ಷರದಲ್ಲಿ ತೆರೆದುಕೊಳ್ಳುವಂತೆ ಏರ್ಪಾಟು ಮಾಡಿದೆ. ಮೇಲೆ, ಕೆಳಗೆ ಹೋಗುವ ಎರಡು ಕೀಲಿಗಳ ಮೇಲೆ ಹಣೆಗೆ ಅಂಟಿಸುವ ಬಿಂದಿ ಅಂಟಿಸಿದೆ. ಶುರು ಮಾಡುವ ಗುಂಡಿಗೆ ಅತ್ತೆಯವರೇ ಕುಂಕುಮದ ಬೊಟ್ಟು ಇಟ್ಟುಕೊಂಡರು. ಒಂದು ಅಕ್ಷರ ಅಂಗೈಯಷ್ಟು ಅಗಲ, ಪರದೆ ತುಂಬ ಒಂದೆರಡು ಪದ. ಹೊಲದಲ್ಲಿ ಸಾಲು ಹಿಡಿದು ಕಳೆ ತೆಗೆದಂತೆ ಅವರು ಪತ್ರಿಕೆಯನ್ನು ಓದತೊಡಗಿದರು. ಮೊದಲು ನೋಡುವುದೇ ನಿಧನವಾರ್ತೆ. ಓದಿ ಮುಗಿಸಿ ಅಡುಗೆಮನೆಯಲ್ಲಿರುವ ನನಗೆ ಕೇಳುವಂತೆ ದಿನದ ವರದಿ ಒಪ್ಪಿಸುತ್ತಿದ್ದರು: “ಗಿರಿಜವ್ವಾ, ಇವತ್ತು ನಮ್ಮ ಪೈಕಿ ಯಾರೂ ಇಲ್ಲ. ಚಾ ಇಡು.” ಇದ್ದ ದಿನ ಚಹಾ ಕೇಳುತ್ತಿರಲಿಲ್ಲ, ಸೆರಗು ಹೊದ್ದು, ಹೋಗಬೇಕಾದ ಊರಿನ ಬಸ್ಸು ಕೇಳುತ್ತಿದ್ದರು. ಆಮೇಲೆ ಅವರು ಯಾರ ಆರಾಧನೆಯನ್ನೂ ತಪ್ಪಿಸಿಕೊಂಡದ್ದಿಲ್ಲ.

ಇಲ್ಲಿ ಅವರ ಕೆಲಸದ ಕ್ರಮವನ್ನು ವಿವರವಾಗಿ ನಮೂದಿಸುವುದು ಅವಶ್ಯಕ. ಲ್ಯಾಪ್‌ಟಾಪಿಗೆ ವಯಸ್ಸಾಗಿದ್ದರಿಂದ ಗುಂಡಿ ಒತ್ತಿದ ಮೇಲೆ ಪತ್ರಿಕೆ ಮೂಡಲು ಬಹಳ ಹೊತ್ತು ಹಿಡಿಯುತ್ತಿತ್ತು. ಅತ್ತೆಯವರು ಸ್ನಾನ ಮುಗಿಸಿ ಬಂದು ಗುಂಡಿ ಒತ್ತಿ ಲಿಂಗಪೂಜೆಗೆ ಕೂರುತ್ತಿದ್ದರು. ಒಳಗೆ ಅವರ ಜಪ, ಹೊರಗೆ ಲ್ಯಾಪ್‌ಟಾಪಿನ ಫ್ಯಾನಿನ ಗಿರಣಿಯಂಥ ಸದ್ದು. ಪೂಜೆ ಮುಗಿಸಿ, ತಮ್ಮ ಹಣೆಗೆ ಹಚ್ಚಿಕೊಂಡ ಮೂರು ಬೆರಳಿನಲ್ಲಿಯೇ ಲ್ಯಾಪ್‌ಟಾಪಿಗೂ ಮೂರು ಪಟ್ಟೆ ಎಳೆದು ಕುಳಿತರೆ, ಆಗಷ್ಟೇ ಪತ್ರಿಕೆ ಮೂಡಿರುತ್ತಿತ್ತು. ಇಬ್ಬರೂ ಒಟ್ಟಿಗೆ ಸಿದ್ಧರಾಗುತ್ತಿದ್ದರು. ಕಪ್ಪು ಪರದೆಯ ಹೊತ್ತಿನಲ್ಲಿ ಏನಾದರೂ ಒತ್ತಿದರೆ ಅದು ಗಾಬರಿಗೊಂಡು ನಿಂತುಬಿಡುತ್ತಿದ್ದುದರಿಂದ, ‘ಪರದೆ ಕಪ್ಪಗಿರುವಾಗ ಯಾರೂ ಯಾವ ಕೀಲಿಯನ್ನೂ ಮುಟ್ಟತಕ್ಕದ್ದಲ್ಲ’ ಎಂದು ನಾನು ಮನೆಗೆಲ್ಲ ಸುತ್ತೋಲೆ ಹೊರಡಿಸಿದ್ದೆ. ಬಾಯಿಮಾತಿನ ಸುತ್ತೋಲೆಯಾದರೂ ಕಟ್ಟುನಿಟ್ಟಾಗಿ ಪಾಲನೆಯಾಗುತ್ತಿತ್ತು.

ಹೀಗಿರಲು ಈ ಬೇಸಿಗೆಯಲ್ಲಿ ಅದು ನಿಧನವಾರ್ತೆಯ ನಡುವೆಯೇ ಕಾದು ಕೆಂಡವಾಗಿ ಆರಿಹೋಗತೊಡಗಿತು. ಒಂದು ಬೆಳಿಗ್ಗೆ ಅರ್ಧ ಹೆಸರು ಓದುವಷ್ಟರಲ್ಲಿ ಆರಿದ್ದು ಮತ್ತೆ ಹತ್ತಲಿಲ್ಲ. ಆ ಅರ್ಧ ಹೆಸರು ಯಾರದೆಂದು ಅತ್ತೆಯವರು ದಿನವಿಡೀ ಹೊರಗೆ, ಒಳಗೆ ತಿರುಗಿದರು. ನಾನು ಪತ್ರಿಕೆ ನೋಡಿ, ಪರಿಚಯದವರಲ್ಲವೆಂದು ಹೇಳಿದರೂ ನಂಬಲಿಲ್ಲ. “ನೀನೂ ಅವನಂಗೇ ಹೇಳ್ತೀಯ” ಎಂದರು. ದಾವಣಗೆರೆಯ ಅಂಗಡಿಯವರು ಲ್ಯಾಪ್‌ಟಾಪನ್ನು ಬಿಚ್ಚುವ ಗೋಜಿಗೂ ಹೋಗದೆ, “ಇದರ ಕಾಲ ಆತು ಮೇಡಂ, ಎಕ್ಸ್‌ಚೇಂಜಿಗೆ ಹಾಕ್ರಿ” ಎಂದರು. ಅವರು ತೋರಿಸಿದ ಹೊಸ ಲ್ಯಾಪ್‌ಟಾಪಿನ ಕೀಲಿಗಳ ಮೇಲೆ ನಾನು ಕಣ್ಣು ಮುಚ್ಚಿ ಬೆರಳಾಡಿಸಿ ನೋಡಿದೆ. ಎಲ್ಲವೂ ಸಾರಿಸಿದ ನೆಲದಂತೆ ಒಂದೇ ಸಮ. ಅತ್ತೆಯವರಿಗೆ ಇದು ಆಗದು ಎಂದು ಹಿಂದಿರುಗಿದೆ. ಬೆಳಗಿನ ವರದಿಯಿಲ್ಲದೆ ಮನೆ ಬಿಕೋ ಎನ್ನುತ್ತಿತ್ತು. ಅತ್ತೆಯವರು ತಾವಾಗಿ ಚಹಾ ಕೇಳುವುದನ್ನೇ ಬಿಟ್ಟರು.

ನಮ್ಮ ಶಾಖೆಗೆ ಹರಿಹರದಿಂದ ದಿನವೂ ಬಸ್ಸಿನಲ್ಲಿ ಬರುವ ಸಹೋದ್ಯೋಗಿಯೊಬ್ಬರು ಶಬಾನಾಳ ಅಂಗಡಿಯ ಗುರುತು ಹೇಳಿದರು. ರಜೆಯ ದಿನ ಲ್ಯಾಪ್‌ಟಾಪನ್ನು ಹಳೆಯ ಸೀರೆಯಲ್ಲಿ ಸುತ್ತಿ, ಬಾಣಂತಿಯ ಮಗುವಿನಂತೆ ಎದೆಗೊತ್ತಿಕೊಂಡು ಹರಿಹರದ ಬಸ್ಸು ಹತ್ತಿದೆ. ಪೇಟೆಯ ಆ ಅಂಗಡಿಯ ಮುಂಭಾಗದಲ್ಲಿ ಅವಳ ಮಾವ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರ ರಿಪೇರಿ ಮಾಡುತ್ತಾರೆ. ಹಿಂಭಾಗದ ಮೇಜು ಅವಳದು. ಮೂವತ್ತರ ಆಸುಪಾಸಿನ ಹೆಂಗಸು, ಬಾಯಿ ಒಂದು ಗಳಿಗೆ ಸುಮ್ಮನಿರುವುದಿಲ್ಲ.

“ಬರ್ರಿ ಅಕ್ಕಾರೆ, ಕೂಡ್ರಿ. ಏನ್ ತಂದೀರಿ, ಕೂಸಿನ್ ಸುತ್ತಿದಂಗೆ ಸುತ್ಕೊಂಡ್?” ಎಂದು ನಗುತ್ತ ಕೈಯೊಡ್ಡಿದಳು.

ನಾನು ಗಾಬರಿಯಲ್ಲಿ ದಿನಾಂಕವಾರು ಎಲ್ಲ ತೊಂದರೆಗಳನ್ನೂ ನಿವೇದಿಸತೊಡಗಿದೆ. ಅವಳು ಅರ್ಧಕ್ಕೆ ತಡೆದು, “ನೀವ್ ಆಫೀಸಿನೋರಲ್ರೀ? ಗೊತ್ತಾತು ಬಿಡ್ರಿ. ಅದರ ಮದರ್‌ಬೋರ್ಡೇ ಹೋಗಿರಬೇಕು” ಎಂದಳು. ನನ್ನ ಮುಖ ಕಪ್ಪಿಟ್ಟಿತು. ಅವಳು ಮಾತನಾಡುತ್ತಲೇ ಸ್ಕ್ರೂ ಬಿಚ್ಚಿದಳು. “ಇಲ್ಲೊಂದು ಸ್ಕ್ರೂ ಇಲ್ವಲ್ರೀ, ಯಾರು ತಿಂದ್ರು?” ಎಂದಳು. ಕಂಪನಿಯವರು ಜಾಸ್ತಿ ಹಾಕಿದ್ದೆಂಬ ನಮ್ಮ ಮನೆಯವರ ಅಭಿಪ್ರಾಯವನ್ನು ನಾನು ಅವಳ ಗಮನಕ್ಕೆ ತರಲಿಲ್ಲ. ಹಿಂಬದಿಯ ತಟ್ಟೆ ತೆಗೆದವಳೇ ಮೇಜಿನ ದೀಪವನ್ನು ಹತ್ತಿರಕ್ಕೆ ಎಳೆದುಕೊಂಡಳು. ಫ್ಯಾನಿನ ಸುತ್ತ ಬಿಳಿ-ಬೂದು ಬಣ್ಣದ ಹಿಟ್ಟು ಗೂಡು ಕಟ್ಟಿತ್ತು.

“ಅಕ್ಕಾರೆ, ಇದರಾಗೆ ರಾಗಿ ಬೀಸಿದ್ರೇನ್ರಿ?”

“ವಿಭೂತಿಯಮ್ಮ. ನಮ್ಮ ಅತ್ತೆ ದಿನಾ ಹಚ್ತಾರೆ.”

“ಇದಕ್ಕಾ?”

“ಅವರೂ ಹಚ್ಕೋತಾರೆ, ಇದಕ್ಕೂ ಹಚ್ತಾರೆ.”

ಶಬಾನಾ ನಗು ತಡೆಯಲಾರದೆ ಮುಂಭಾಗದ ಕಡೆ ತಿರುಗಿ, “ಮಾಮೂ, ನೋಡ್ರಿ ಇಲ್ಲಿ, ಲ್ಯಾಪ್‌ಟಾಪಿಗೆ ದೀಕ್ಷೆ ಆಗೈತೆ!” ಎಂದಳು. ಮುದುಕರು ಗಡಿಯಾರದಿಂದ ಕಣ್ಣೆತ್ತದೆ, “ಹಂಗಾದ್ರೆ ಕೈ ತೊಳ್ಕೊಂಡ್ ಮುಟ್ಟಬೇಕವ್ವ” ಎಂದರು. ಅವಳು ನಿಜವಾಗಿಯೂ ಎದ್ದುಹೋಗಿ ಕೈ ತೊಳೆದು ಬಂದಳು.

ಮದರ್‌ಬೋರ್ಡಿಗೆ ಏನೂ ಆಗಿರಲಿಲ್ಲ. ಬೂದಿ ತುಂಬಿ ಫ್ಯಾನು ತಿರುಗದೆ, ಗಾಳಿ ಆಡದೆ, ಅದು ಉಸಿರುಗಟ್ಟಿ ಆರಿಹೋಗುತ್ತಿತ್ತು. ಮೊದಲು ಹೇಳಿದ ಮಾತನ್ನು ಅವಳು ಯಾವ ಮುಜುಗರವೂ ಇಲ್ಲದೆ ಹಿಂದಕ್ಕೆ ಪಡೆದಳು. ಸಣ್ಣ ಬ್ರಷ್ಷಿನಿಂದ ಬೂದಿಯನ್ನೆಲ್ಲ ಒಂದು ಕಾಗದದ ಮೇಲೆ ಒಟ್ಟುಗೂಡಿಸಿದಳು. ಒಳಗಿನ ಬಿಸಿ ಸೆಳೆಯಲು ಹಚ್ಚಿದ್ದ, ಈಗ ಒಣಗಿದ್ದ ಹಳೆಯ ಪೇಸ್ಟ್ ಕೆರೆದು, ಬೆಳ್ಳಿ ಬಣ್ಣದ ಹೊಸ ಪೇಸ್ಟನ್ನು ತೆಳುವಾಗಿ ಸವರಿದಳು. ಅದನ್ನು ಕಂಡು ನನಗೆ ನಮ್ಮೂರಿಗೆ ಬರುತ್ತಿದ್ದ ಕಲಾಯಿಯವರ ನೆನಪಾಯಿತು. ಬೇವಿನ ಮರದ ಕೆಳಗೆ ಕುಳಿತು ತಿದಿ ಒತ್ತಿ, ಕಾದ ಹಿತ್ತಾಳೆ ಪಾತ್ರೆಯೊಳಗೆ ಅರಿವೆಯಿಂದ ಒಂದು ಸುತ್ತು ಒರೆಸಿದರೆ ಕಿಲುಬೆಲ್ಲ ಹೋಗಿ ಬೆಳ್ಳಗಾಗುತ್ತಿತ್ತು. ನವಸಾಗರದ ಪುಡಿಯ ಘಾಟಿಗೆ ಕೆಮ್ಮು ಬರುತ್ತಿದ್ದರೂ ನಾವು ಮಕ್ಕಳು ಅಲ್ಲಿಂದ ಏಳುತ್ತಿರಲಿಲ್ಲ. ಹಳೆಯದು ಹೊಸದಾಗುವುದನ್ನು ನೋಡುವ ಸುಖ ಹೊಸದನ್ನೇ ಕೊಳ್ಳುವುದರಲ್ಲಿ ಇಲ್ಲವೆಂದು ನನ್ನ ವಿನಮ್ರ ಅಭಿಪ್ರಾಯ.

“ಕೈ ಹಾಕೀನಲ್ಲ, ಇದರ ಡಿಸ್ಕೂ ಬದ್ಲಿ ಮಾಡ್ಬಿಡ್ತೀನಿ. ಒಳಗೆ ಗಿರಗಿರ ತಿರುಗೋ ತಟ್ಟೆ ಐತೆ, ಅದಕ್ಕೇ ಇಷ್ಟು ನಿಧಾನ. ಎಸ್‌ಎಸ್‌ಡಿ ಅಂತ ಬಂದೈತೆ, ಹಾಕಿದ್ರೆ ಹರೇದ್ ಹುಡುಗಿ ಆಗ್ತೈತೆ” ಎಂದಳು. ಮೆಮೊರಿಯನ್ನೂ ಹೆಚ್ಚಿಸಿದಳು. ಎಲ್ಲ ಹೊಸದಾಗಿ ತುಂಬಿ, ಪತ್ರಿಕೆ ದಪ್ಪ ಅಕ್ಷರದಲ್ಲಿ ತಾನಾಗಿ ತೆರೆಯುವ ಏರ್ಪಾಟನ್ನೂ ಮರಳಿ ಮಾಡಿಕೊಟ್ಟಳು.

“ಇನ್ನು ವಿಭೂತಿ ಬ್ಯಾಡ ಅನ್ಲಾ?” ಎಂದು ಕೇಳಿದೆ.

“ಯಾಕ ಬ್ಯಾಡ ಅಂತೀರಿ? ಹಿರೇರು. ಮುಚ್ಚಿಟ್ಟಾಗ ಮುಚ್ಚಳದ ಮ್ಯಾಲೆ ಹಚ್ಲಿ. ಗಾಳಿ ಆಡೋ ಕಡೆ ಮಾತ್ರ ಬ್ಯಾಡ ಅನ್ರಿ.”

ಹೊರಡುವಾಗ ಅವಳು ಒಂದು ಪೊಟ್ಟಣ ಕೈಗಿಟ್ಟಳು. ಒಳಗೆ ಆ ಬೂದಿ ಇತ್ತು. “ದೇವರದ್ದಲ್ರೀ, ಕಸದ ಬುಟ್ಟಿಗೆ ಹೆಂಗೆ ಹಾಕ್ಲಿ? ನಿಮ್ಮತ್ತೇರಿಗೆ ಕೊಡ್ರಿ” ಎಂದಳು. ಕಚೇರಿಯಲ್ಲಿ ಎಂಥ ಪತ್ರಕ್ಕೂ ಸ್ವೀಕೃತಿ ಬರೆಯುವ ನಾನು ಈ ಪೊಟ್ಟಣವನ್ನು ಮಾತ್ರ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಸ್ಸು ಹತ್ತಿದೆ.

ಅತ್ತೆಯವರು ಪೊಟ್ಟಣ ಬಿಚ್ಚಿ ಮೂಸಿ ನೋಡಿದರು. ನಡೆದುದನ್ನೆಲ್ಲ ಹೇಳಿದೆ. “ತೊಳ್ಕೊಂಡ್ ಬಂದ್ ಮುಟ್ಟಿದ್ಲಾ? ಶ್ಯಾಣೆ ಅದಾಳೆ” ಎಂದರು. ಹಿತ್ತಲಿಗೆ ಹೋಗಿ ಅದನ್ನು ಬಿಲ್ವದ ಗಿಡದ ಬುಡಕ್ಕೆ ಸುರಿದು ನೀರು ಹಾಕಿದರು. ಇನ್ನು ಮೇಲೆ ಮುಚ್ಚಳದ ಮೇಲಷ್ಟೇ ವಿಭೂತಿ ಎಂಬ ಕರಾರಿಗೂ ಒಪ್ಪಿದರು.

ಮಾರನೆಯ ಬೆಳಿಗ್ಗೆ ಯಥಾಪ್ರಕಾರ ಸ್ನಾನ ಮುಗಿಸಿ, ಮುಚ್ಚಳಕ್ಕೆ ಮೊದಲೇ ಮೂರು ಪಟ್ಟೆ ಎಳೆದು, ತೆರೆದು, ಗುಂಡಿ ಒತ್ತಿ ಪೂಜೆಗೆ ಕುಳಿತರು. ನಾನು ಅಡುಗೆಮನೆಯಲ್ಲಿದ್ದೆ. ಗಿರಣಿಯ ಸದ್ದು ಕೇಳಲಿಲ್ಲ. ಪೂಜೆ ಮುಗಿಸಿ ಬಂದ ಅತ್ತೆಯವರು ಕುಳಿತರು, ಕಾದರು. ಪರದೆ ಕಪ್ಪಗಿತ್ತು. ಗುಂಡಿಯೊಳಗಿನ ದೀಪ ಉರಿಯುತ್ತಿದೆಯೇ ಎಂದು ನೋಡೋಣವೆಂದರೆ ಅದರ ಮೇಲೆ ಕುಂಕುಮದ ಬೊಟ್ಟು ದಪ್ಪಗೆ ಕುಳಿತಿತ್ತು. ಕಿವಿಗೊಟ್ಟರೆ ಒಳಗೆ ಉಸಿರೇ ಇಲ್ಲ. ನಮ್ಮ ಮನೆಯವರು ಬಂದು ಬಗ್ಗಿ ನೋಡಿ, “ಹೋತು ಬಿಡವ್ವ” ಎಂದರು. ಅನುಮಾನ ತೋರದ ಆ ಮುಖವೂ ಅಂದು ಬಾಡಿತ್ತು. ಸುತ್ತೋಲೆ ಜಾರಿಯಲ್ಲಿದ್ದುದರಿಂದ ಮೂವರಲ್ಲಿ ಯಾರೂ ಒಂದು ಕೀಲಿಯನ್ನೂ ಮುಟ್ಟಲಿಲ್ಲ. ಅತ್ತೆಯವರು ಮಡಿಲಲ್ಲಿ ಕೈಯಿಟ್ಟುಕೊಂಡು, “ಇರ್ಲಿ ಬಿಡವ್ವ ಗಿರಿಜಾ. ನನ್ನಂಗೇ ಅದಕ್ಕೂ ವಯಸ್ಸಾತು” ಎಂದರು. ಆ ಮಾತನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ಹಿತ್ತಲಿಗೆ ಬಂದು ಶಬಾನಾಗೆ ಫೋನು ಮಾಡಿದೆ.

“ಅಕ್ಕಾರೆ, ಅಳಬ್ಯಾಡ್ರಿ. ಗುಂಡಿ ಒತ್ತಿ ಎಷ್ಟೊತ್ತಾತು?”

“ಪೂಜೆಗೆ ಮುಂಚೆ ಒತ್ತಿದ್ರು. ಈಗ ಪೂಜೆನೂ ಮುಗೀತು.”

ಆ ಕಡೆಯಿಂದ ನಗು. “ಅಯ್ಯ! ಅದು ಆವಾಗ್ಲೇ ತೆರಕೊಂಡು, ನಿಮ್ಮತ್ತೇರು ಬರ್ಲಿಲ್ಲ ಅಂತ ಕಾದೂ ಕಾದೂ ಮಲ್ಗೈತ್ರೀ. ಯಾವ್ದಾದ್ರೂ ಒಂದು ಕೀಲಿ ಒತ್ರಿ.”

“ಕಪ್ಪಗಿದ್ದಾಗ ಮುಟ್ಟಬಾರದು ಅಂತ...”

“ಯಾರ್ ಹೇಳಿದ್ದು ಅದನ್ನ?”

ಯಾರು ಹೇಳಿದ್ದೆಂಬ ವಿವರವನ್ನು ಒದಗಿಸದೆ ನಾನು ಒಳಗೆ ಓಡಿದೆ. ಅತ್ತೆಯವರ ಬೆರಳನ್ನು ಹಿಡಿದು ಬಿಂದಿಯ ಮೇಲಿಟ್ಟು, “ಒತ್ರಿ ಅತ್ತೆ” ಎಂದೆ. ಅವರು ಹಿಂಜರಿದು ನನ್ನ ಮುಖದ ಕಡೆ ತಿರುಗಿದರು. “ಒತ್ರಿ, ಆ ಮಾತು ವಾಪಸ್ ತಗೊಂಡೀನಿ” ಎಂದೆ. ಒತ್ತಿದರು. ಅಂಗೈಯಗಲದ ಅಕ್ಷರಗಳು ಒಮ್ಮೆಲೇ ಎದ್ದು ನಿಂತವು. ಬೆಳಕು ಅವರ ಹಣೆಯ ಪಟ್ಟೆಗಳ ಮೇಲೆ ಬಿತ್ತು. ನಮ್ಮ ಮನೆಯವರು ಅಲ್ಲಿಯೇ ನೆಲದ ಮೇಲೆ ಕುಳಿತುಬಿಟ್ಟರು.

“ಅಲ್ಲವ್ವಾ, ಇಷ್ಟು ದಿನ ನಾನು ಇದನ್ನ ಕಾಯ್ತಿದ್ದೆ. ಈಗ ಇದು ನನ್ನ ಕಾಯ್ತೈತಾ?” ಎಂದು ಅತ್ತೆಯವರು ಪರದೆಯನ್ನೇ ಗದರಿದರು. ಅಂದಿನಿಂದ ಕ್ರಮ ತಿರುವುಮುರುವಾಗಿದೆ. ಪೂಜೆ ಮೊದಲು, ಗುಂಡಿ ಆಮೇಲೆ. ನನ್ನ ಸುತ್ತೋಲೆ ರದ್ದಾಗಿದೆ. ವಿಭೂತಿಯಲ್ಲಿ ಸಿಕ್ಕ ಸ್ಕ್ರೂವನ್ನು ಮುಂದಿನ ಸಲ ಹರಿಹರಕ್ಕೆ ಹೋದಾಗ ಅದರ ಜಾಗಕ್ಕೆ ಸೇರಿಸುವುದೆಂದು ತೀರ್ಮಾನಿಸಲಾಗಿದೆ. ಅತ್ತೆಯವರ ಓದು ಮುಗಿದ ಮೇಲೆ ಅದೇ ಲ್ಯಾಪ್‌ಟಾಪಿನಲ್ಲಿ ನಾನು ಇದನ್ನು ಟೈಪು ಮಾಡುತ್ತಿದ್ದೇನೆ. ‘ರ’ ಸರಿಯಾಗಿ ಮೂಡುತ್ತಿರುವುದನ್ನು ತಾವು ಗಮನಿಸಿರಬಹುದು.

ಆದರೆ ಅಂದು ಬೆಳಿಗ್ಗೆ ಇದಾವುದೂ ನನ್ನ ತಲೆಯಲ್ಲಿರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಕಾದು ನಿಂತಿದ್ದೆ. ಹೊರಗೆ ಬಿಂದಿ ಅಂಟಿಸಿದ ಕೀಲಿಯ ಟಕ್, ಟಕ್ ಸದ್ದು. ನಡುವೆ ತುಂಬ ಹೊತ್ತು ಮೌನ. ಒಂದು ಹೆಸರಿನ ಮೇಲೆ ನಿಂತಿದ್ದರೇನೋ. ಮತ್ತೆ ಟಕ್, ಟಕ್. ಆಮೇಲೆ ಆ ದನಿ, ಎಷ್ಟೋ ದಿನಗಳ ಮೇಲೆ:

“ಗಿರಿಜವ್ವಾ, ಇವತ್ತು ನಮ್ಮ ಪೈಕಿ ಯಾರೂ ಇಲ್ಲ. ಚಾ ಇಡು.”